ಹಗ್ಗದ ಮೇಲಿನ ಸೀರೆ

ಒದ್ದೆ ಹತ್ತಿ ಸೀರೆಯ ವಾಸನೆ ಬಂದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ನಾನಾಗ ಒಂಬತ್ತರ ಹುಡುಗಿ. ಅಮೆರಿಕದ ಆಸ್ಟಿನ್ ಹತ್ತಿರದ ನದಿ ದಂಡೆಯ ಕ್ಯಾಂಪ್‌ಗ್ರೌಂಡಿನಲ್ಲಿ ಆರ್‌ವಿ ಎಂಬ ಮನೆಯಂಥ ದೊಡ್ಡ ವ್ಯಾನು ಬಾಡಿಗೆಗೆ ಹಿಡಿದು ಒಂದು ರಾತ್ರಿ ಉಳಿಯಲು ಹೋಗಿದ್ದೆವು. ಧಾರವಾಡದಿಂದ ಬಂದಿದ್ದ ಅಜ್ಜಿ ಮಧ್ಯಾಹ್ನ ನದಿಯಲ್ಲಿ ಮಿಂದು, ಸೀರೆ ಹಿಂಡಿ, ಅಲ್ಲೇ ಮರಗಳಿಗೆ ಕಟ್ಟಿದ್ದ ಹಗ್ಗಕ್ಕೆ ಹರವಿದರು.

“ಅವ್ವಾ, ತಗಿ ಅದನ್ನ! ಮಂದಿ ನೋಡ್ಲಿಕ್ಕತ್ತಾರ,” ಎಂದು ಅಪ್ಪ ರೇಗಿದರು.

ಯಾರೂ ನೋಡುತ್ತಿರಲಿಲ್ಲ. ಪಕ್ಕದ ಆರ್‌ವಿಯವರ ಚಡ್ಡಿ, ಟವೆಲ್ಲುಗಳೂ ಹಗ್ಗದ ಮೇಲಿದ್ದವು. ಅವರದೂ ಇದೆಯಲ್ಲ ಎಂದು ನಾನು ಇಂಗ್ಲಿಷಿನಲ್ಲಿ ಕಿರುಚಿದೆ.

ಅಜ್ಜಿ ಸೀರೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರು. ನಾನು ಅದನ್ನು ಕಿತ್ತುಕೊಂಡು ಮತ್ತೆ ಹರವಿದೆ. ಅಪ್ಪ ಬಂದು ಸೆರಗು ಹಿಡಿದೆಳೆದರು; ನಾನು ಇನ್ನೊಂದು ತುದಿ ಬಿಡಲಿಲ್ಲ.

“ಬಿಡೋ, ಹರದೀತು,” ಎಂದು ಅಜ್ಜಿ ಮಗನಿಗೇ ಹೇಳಿದರು.

ಅಪ್ಪ ಕೈಬಿಟ್ಟು, ಯಾರ ಮುಖವನ್ನೂ ನೋಡದೆ ನದಿಯ ಕಡೆ ನಡೆದರು.