ಸೀಮೆಸುಣ್ಣದ ಹೆಸರು

"ಆ ಕಡೆ ಬೇಡ, ನೀರು ಹಾರುತ್ತೆ. ಈ ಕಡೆ ಬನ್ನಿ," ಎನ್ನುತ್ತ ಹೆಂಡತಿ ಲಾಂಚಿನ ಎಡಬದಿಯ ಬೆಂಚಿಗೆ ನಡೆದಳು. ಟೈಲರ್ ಅವಳ ಹಿಂದೆ ಹೋಗಿ ಕೂತ. ಲಾಂಚ್ ಹೊರಟು ಎರಡು ನಿಮಿಷವಾಗಿರಲಿಲ್ಲ, ಬಲಬದಿಯಲ್ಲಿ ಕೂತವರೆಲ್ಲ ನಗುತ್ತ, ಬೈಯುತ್ತ ಮುಖ ಒರೆಸಿಕೊಳ್ಳತೊಡಗಿದರು. ಇದೆಲ್ಲ ನಿನಗೆ ಹೇಗೆ ಗೊತ್ತು ಎಂದು ಅವನು ಕೇಳಲಿಲ್ಲ. ಮಗ ಹತ್ತಿದ್ದ ಸರಕಿನ ಹಡಗು ಕಾಣೆಯಾದಾಗಿನಿಂದ, ಎರಡು ವರ್ಷ, ಆ ಮನೆಯಲ್ಲಿ ಯಾರೂ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ.

"ಮದುವೆಯಾಗಿ ಮೂವತ್ತು ವರ್ಷಕ್ಕೆ ಕೋಟೆ ತೋರಿಸೋಕೆ ಪುರುಸೊತ್ತಾಯ್ತಾ?" ಎಂದಳು ಅವಳು. "ಗುರುವಾರ ನೀವು ದಾರ ತರೋಕೆ ಹೋಗೋ ದಿನ ಅಲ್ವಾ?"

"ದಾರ ಇದೆ, ಬೇಕಾದಷ್ಟು."

ಇಪ್ಪತ್ತೈದು ನಿಮಿಷದ ದಾರಿ. ಅರ್ಧ ದಾರಿಯಲ್ಲಿ ಹೇಳಿಬಿಡಬೇಕೆಂದು ಅವನು ನಿಶ್ಚಯಿಸಿಕೊಂಡಿದ್ದ. ಅರ್ಧ ದಾರಿ ಬಂತು, ಹೋಯಿತು. ಎದುರಿಗೆ ಹಳೇ ಬಂದರು ದೊಡ್ಡದಾಗುತ್ತ ಬಂತು: ತುಕ್ಕು ಹಿಡಿದ ಫಿರಂಗಿಗಳು, ಹೆಂಚು ಜಾರಿದ ಸುಂಕದ ಮನೆ. ದಡದಲ್ಲಿ ಇಳಿದವರೆಲ್ಲ ಕೋಟೆಯ ಕಡೆ ತಿರುಗಿದರು. ಟೈಲರ್ ಸಮುದ್ರದ ಗೋಡೆಯ ಕಡೆ ತಿರುಗಿದ. ಸಮುದ್ರ ಹಿಂದಿರುಗಿಸದವರ ಹೆಸರುಗಳು ತಲೆತಲಾಂತರದಿಂದ ಅಲ್ಲಿ ಕರಿಕಲ್ಲಿನ ಮೇಲೆ ನಿಂತಿವೆ. ಹೆಂಡತಿಯ ಪಾದ ನೋಡುತ್ತ ಅವನು ಹೇಳಿದ, "ಅವನ ಹೆಸರು ಬರೆಸಿದ್ದೀನಿ. ಸೀಮೆಸುಣ್ಣದಲ್ಲಿ, ಅಷ್ಟೇ. ಇವತ್ತು ಕೆತ್ತಿಸಬೇಕು."

ಅಲ್ಲಿನ ಕ್ರಮ ಹಾಗೆ. ಹಿಂದೊಮ್ಮೆ ಹೆಸರು ಕೆತ್ತಿಸಿಕೊಂಡವನೊಬ್ಬ ಜೀವಂತವಾಗಿ ನಡೆದುಬಂದಿದ್ದನಂತೆ. ಅಂದಿನಿಂದ ಕಲ್ಲುಕುಟಿಗ ಮೊದಲು ಸೀಮೆಸುಣ್ಣದಲ್ಲಿ ಬರೆದು ಒಂದು ವಾರ ಬಿಡುತ್ತಾನೆ. ವಾರ ಕಳೆದ ಮೇಲೆ ಮನೆಯವರು ಬಂದು, ಹೆಸರು ನೋಡಿ, "ಹೂಂ" ಅನ್ನಬೇಕು. ಆಮೇಲೇ ಉಳಿ. ಟೈಲರ್ ಇದಕ್ಕೆ ಮುಂಚೆ ಎರಡು ಸಲ ಬರೆಸಿದ್ದ. ಎರಡು ಸಲವೂ ಮುಂದಿನ ಗುರುವಾರ ಬಂದಾಗ ಹೆಸರು ಇರಲಿಲ್ಲ. "ಉಪ್ಪುಗಾಳಿ ಸ್ವಾಮಿ, ಏನು ಮಾಡೋದು," ಎಂದು ಕಲ್ಲುಕುಟಿಗ ಸುತ್ತಿಗೆಯನ್ನು ನೋಡುತ್ತ ಹೇಳಿದ್ದ. ಹೋದ ಗುರುವಾರ ಬರೆಸಿದ್ದು ಮೂರನೆಯ ಸಲ.

ಇವತ್ತೂ ಆ ಜಾಗದಲ್ಲಿ ಒಂದು ಬಿಳಿ ಮಬ್ಬು ಮಾತ್ರ. ಅದರ ಮೇಲೆ, ಕೆಳಗೆ ಸೀಮೆಸುಣ್ಣದಲ್ಲಿ ಬರೆದಿದ್ದ ಬೇರೆ ಹೆಸರುಗಳು ಇದ್ದ ಹಾಗೇ ಇದ್ದವು.

"ಗಾಳಿಗೆ ನನ್ನ ಮಗನ ಹೆಸರೊಂದೇ ಕಂಡಿತೇನ್ರೀ?" ಟೈಲರನ ದನಿ ಏರಿತು.

ಗೋಡೆಯ ಬುಡದಲ್ಲಿದ್ದ ಕಲ್ಲುಕುಟಿಗ ಅವನನ್ನು ನೋಡಲಿಲ್ಲ. ಅವನ ಹಿಂದೆ ನಿಂತವಳನ್ನು ನೋಡಿದ. "ಅಮ್ಮಾ, ಇನ್ನು ನನ್ನ ಕೈಲಿ ಸುಳ್ಳು ಹೇಳೋಕಾಗಲ್ಲ."

ಟೈಲರ್ ತಿರುಗಿದ. ಅವಳು ಶಾಲಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಊರಿಗೆಲ್ಲ ಜೇಬು ಹೊಲಿಯೋರು ನೀವು, ನಿಮ್ಮ ಜೇಬು ನೋಡ್ಕೊಳ್ಳಲ್ಲ. ಲಾಂಚಿನ ಟಿಕೆಟ್ ಒಗೆಯೋ ಅಂಗಿಯಲ್ಲಿತ್ತು. ಈ ಊರಿಗೆ ಬರೋರು ಕೋಟೆಗೆ ಹೋಗ್ತಾರೆ, ಇಲ್ಲಾ ಈ ಗೋಡೆಗೆ ಬರ್ತಾರೆ. ನೀವು ಕೋಟೆ ನೋಡೋ ಆಸಾಮಿ ಅಲ್ಲ." ಗೋಡೆಯ ಬಿಳಿ ಮಬ್ಬಿನ ಕಡೆ ನೋಡಿ ಅಂದಳು, "ನೀವು ಗುರುವಾರ ಬರೆಸ್ತೀರಿ. ನಾನು ಬುಧವಾರ ಬಂದು ಒರೆಸ್ತೀನಿ. ಅವನಿಗೆ ಅಂತ ಮಾಡೋ ಕೆಲಸ ಇನ್ನೇನು ಉಳಿದಿದೆ ನನಗೆ?"

"ನನಗೆ ಸಾಕಾಗಿದೆ ಕಣೇ. ಬಾಗಿಲು ಸದ್ದಾದಾಗೆಲ್ಲ ಸೂಜಿ ಬೆರಳಿಗೆ ಚುಚ್ಚುತ್ತೆ."

"ಬೀರುವಿನ ಮೇಲಿನ ಖಾನೆಯಲ್ಲಿ ನೀಲಿ ಬಟ್ಟೆ ಇದೆ," ಎಂದಳು ಅವಳು, ಅವನ ಮಾತು ಕೇಳಿಸದವಳ ಹಾಗೆ. "ಅವನ ಭುಜ, ತೋಳು, ಕತ್ತಿನ ಸುತ್ತು, ಎಲ್ಲಾ ಸೀಮೆಸುಣ್ಣದಲ್ಲಿ ಗುರುತು ಹಾಕಿ ಮಡಚಿಟ್ಟಿದ್ದೀರಿ. ಬಂದ ಮೇಲೆ ಹೊಲಿಯೋಣ ಅಂತ. ನಾನು ಒಂದು ದಿನವಾದರೂ ಅದನ್ನ ಕೊಡವಿದ್ನಾ?"

ಆ ಬಟ್ಟೆ ತನಗೊಬ್ಬನಿಗೇ ಗೊತ್ತು ಎಂದುಕೊಂಡಿದ್ದ ಟೈಲರ್.

"ಅಪ್ಪ ಅಮ್ಮ ಇಬ್ಬರೂ ಬಂದಿದ್ರೆ ವಾರ ಕಾಯೋದು ಬೇಡ," ಎಂದ ಕಲ್ಲುಕುಟಿಗ ಮೆಲ್ಲಗೆ. ಯಾರೂ ಬೇಡವೆನ್ನದ್ದರಿಂದ ಮತ್ತೆ ಹೆಸರು ಬರೆದ. ಮೊದಲ ಅಕ್ಷರದ ಮೇಲೆ ಉಳಿಯಿಟ್ಟು, ಸುತ್ತಿಗೆ ಎತ್ತಿ, ಕಾದ. ಅವಳ ಕೈಯಲ್ಲಿ ಶಾಲಿನ ತುದಿ ಇತ್ತು. ಒಂದು ಹೆಜ್ಜೆ ಮುಂದಿಟ್ಟರೆ ಗೋಡೆ. ಅವಳು ಹೆಜ್ಜೆ ಇಡಲಿಲ್ಲ, ಗಂಡನ ಮುಖವನ್ನೇ ನೋಡುತ್ತ ನಿಂತಳು.

"ಹೂಂ," ಎಂದ ಟೈಲರ್.

ಮೊದಲ ಏಟಿಗೆ ಕಲ್ಲಿನ ಸಣ್ಣ ಚೂರೊಂದು ಅವನ ಚಪ್ಪಲಿಯ ಮೇಲೆ ಬಿತ್ತು.

ಹಿಂದಿರುಗುವ ಲಾಂಚಿನಲ್ಲಿ ಅವಳು ಹೋಗಿ ಕೂತದ್ದು ನೀರು ಹಾರುವ ಕಡೆ. ಅವನೂ ಪಕ್ಕದಲ್ಲಿ ಕೂತ. ಉಪ್ಪುನೀರು ಮತ್ತೆ ಮತ್ತೆ ಮುಖಕ್ಕೆ ಹೊಡೆಯಿತು. ಅವಳು ಒರೆಸಿಕೊಳ್ಳಲಿಲ್ಲ. ಮನೆಯ ಕಡೆಯ ದಡ ಹತ್ತಿರವಾದಾಗ ಹೇಳಿದಳು:

"ಮನೆಗೆ ಹೋದ ತಕ್ಷಣ ಆ ನೀಲಿ ಬಟ್ಟೆ ಕತ್ತರಿಸಿ. ಗುರುತಿನ ಮೇಲೇ."

ಅವನು ದಡದ ಕಡೆ ಮುಖ ತಿರುಗಿಸಿದ.

"ಅವನು ಬರಲ್ಲ ಅಂತ ಕಲ್ಲಿಗೆ ಹೂಂ ಅಂದ್ರಲ್ಲ, ಇದಕ್ಕೂ ಅನ್ನಿ."

ಲಾಂಚ್ ದಡಕ್ಕೆ ತಾಗಿತು. ಹಗ್ಗ ಬಿತ್ತು, ಜನ ಇಳಿದರು, ಟಿಕೆಟಿನವನು ಬಂದು "ಇಳೀರಿ ಯಜಮಾನ್ರೇ, ಊರು ಬಂತು" ಎಂದು ಎರಡು ಸಲ ಕೂಗಿದ. ಟೈಲರ್, ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡವನ ಹಾಗೆ, ಬಾಯಿ ಬಿಗಿದು ಕೂತೇ ಇದ್ದ.