ಉಡಿದಾರದ ಕೆಳಗಿನ ಕಲೆ

"ಅಂಗಿ ಬೇಕಾದ್ರೆ ತೆಗೀತೀನಿ. ಉಡಿದಾರದಿಂದ ಕೆಳಗೆ ಮಾತ್ರ ತೋರ್ಸಲ್ಲ. ನೀವು ನನ್ನ ಮಗಳ ವಯಸ್ಸಿನವ್ರು, ಡಾಕ್ಟ್ರಮ್ಮ!" ಸುಡುವ ಜ್ವರದಲ್ಲೂ ನಿಂಗಪ್ಪ ಪಂಚೆಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದ.

ಡಾ. ಸುಮನಾ ಸೋಂಕು ರೋಗಗಳ ತಜ್ಞೆ. ಹಾರ್ಟ್ ಡಾಕ್ಟರಾಗೋದು ಬಿಟ್ಟು ಜ್ವರದ ಡಾಕ್ಟರಾದೆಯಲ್ಲೇ ಎಂದು ನೆಂಟರೆಲ್ಲ ಆಡಿಕೊಂಡಿದ್ದರು. ಸಾಗರದ ಆಸ್ಪತ್ರೆಯಲ್ಲಿ ಅವಳಿಗಿದು ಮೊದಲ ವಾರ. ನಿಂಗಪ್ಪನನ್ನು ಹೊಸನಗರದ ಕಡೆಯಿಂದ ಆಗಷ್ಟೇ ತಂದಿದ್ದರು. ಮಂಗನ ಕಾಯಿಲೆಯಲ್ಲ, ಡೆಂಗಿಯಲ್ಲ, ಮಲೇರಿಯಾವೂ ಅಲ್ಲ ಎಂದು ಜೊತೆಗೆ ತಂದ ವರದಿಗಳು ಹೇಳುತ್ತಿದ್ದವು. ಪ್ಲೇಟ್‌ಲೆಟ್ ಇಳಿಯುತ್ತಿತ್ತು. ಶಿವಮೊಗ್ಗಕ್ಕೆ ಸಾಗಿಸಲು ಆಂಬುಲೆನ್ಸ್ ಬಾಗಿಲಿಗೆ ಬಂದಿತ್ತು.

ದನಕ್ಕೆ ಹುಲ್ಲು ತರಲು ಅವನು ದಿನಾ ಕುರುಚಲು ಗಿಡಗಳ ನಡುವೆ ನುಗ್ಗುತ್ತಿದ್ದನಂತೆ. ಅಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಕಚ್ಚಿದರೆ ಹೀಗೇ ಜ್ವರ ಬರುತ್ತದೆ. ಕಚ್ಚಿದಲ್ಲಿ ನೋವಿಲ್ಲದ ಕಪ್ಪು ಕಲೆ ಉಳಿಯುತ್ತದೆ. ಆ ಕಲೆ ಸಿಕ್ಕರೆ ಮದ್ದು ಇಲ್ಲೇ, ಈಗಲೇ. ತಡವಾದರೆ ಜೀವಕ್ಕೇ ಕುತ್ತು.

"ಹಾಗಾದ್ರೆ ನಿಮ್ಮ ಹೆಂಡತೀನೇ ಹುಡುಕಲಿ," ಎಂದಳು ಸುಮನಾ. ಜಲಜಮ್ಮ ಸೆರಗು ಸಿಕ್ಕಿಸಿಕೊಂಡು ಪರದೆಯೊಳಗೆ ನುಗ್ಗಿದಳು.

"ಬೆನ್ನಲ್ಲಿ ಒಂದು ಕಪ್ಪು ಇದೆ!"

"ಅದು ಮಚ್ಚೆ ಮಾರಾಯ್ತಿ, ಹುಟ್ಟಿದಾಗಿಂದ ಇದೆ."

"ತೊಡೇಲಿ?"

"ಹೋರಿ ಹಾಯ್ದದ್ದು. ಅಯ್ಯೋ, ಕಚಗುಳಿ ಇಡ್ಬೇಡ!"

ಪಕ್ಕದ ಮಂಚದವರು ಕಿಸಕ್ಕನೆ ನಕ್ಕರು. ಒಳಗೆ ಹುಡುಕಾಟ ಮುಂದುವರಿಯಿತು. ಆಮೇಲೆ ಜಲಜಮ್ಮನ ದನಿ ಇಡೀ ವಾರ್ಡಿಗೆ ಕೇಳಿಸಿತು:

"ಬೀಡಿ ಬಿಟ್ಟೆ ಅಂತ ಸಿಗಂದೂರಮ್ಮನ ಮುಂದೆ ಆಣೆ ಇಟ್ರಲ್ಲ? ಉಡಿದಾರದ ಕೆಳಗೆ ಇದೇನು, ಬೀಡಿ ಸುಟ್ಟ ಗಾಯ? ಸೊಂಟಕ್ಕೆ ಸಿಕ್ಕಿಸ್ಕಂಡು ಕದ್ದು ಸೇದ್ತಿದ್ರಾ?"

"ದೇವರಾಣೆ ನಂಗೊತ್ತಿಲ್ಲ ಕಣೆ!"

"ಕಪ್ಪಗಿದ್ಯಾ? ಸುತ್ತ ಕೆಂಪಗಿದ್ಯಾ? ಮುಟ್ಟಿದ್ರೆ ನೋವಿಲ್ವಾ?" ಸುಮನಾ ಹೊರಗಿನಿಂದಲೇ ಕೂಗಿದಳು.

ಜಲಜಮ್ಮ ಗಂಡನನ್ನು ಟವೆಲ್ಲಿನಿಂದ ಮುಚ್ಚಿ, ಎರಡು ಬೆರಳಗಲ ಜಾಗವನ್ನಷ್ಟೇ ಬಿಟ್ಟು ಪರದೆ ಸರಿಸಿದಳು. ಸುಮನಾ ಇಣುಕಿದಳು. ಅದೇ ಕಲೆ! ರೋಗಿಯ ಎದುರು ಕುಣಿಯಬಾರದೆಂದು ಅವಳಿಗೆ ಗೊತ್ತಿತ್ತು. ಆದರೂ ಕುತ್ತಿಗೆಯ ಸ್ಟೆತಸ್ಕೋಪು ಜಾರಿ ಬೀಳುವಷ್ಟು ಕುಣಿದಳು.

"ಬೀಡಿ ಅಲ್ಲ ಜಲಜಮ್ಮ, ಹುಳ! ಹುಳಾನೇ ಕಚ್ಚಿದ್ದು! ಸಿಸ್ಟರ್, ಡಾಕ್ಸಿಸೈಕ್ಲಿನ್ ತನ್ನಿ, ಆಂಬುಲೆನ್ಸ್ ವಾಪಸ್ ಕಳ್ಸಿ!"

"ನಾನಿಲ್ಲಿ ಸಾಯ್ತಾ ಬಿದ್ದಿದೀನಿ, ಈಯಮ್ಮ ಕುಣೀತಾರೆ," ಎಂದು ಗೊಣಗಿದ ನಿಂಗಪ್ಪ.

ಎರಡು ದಿನ ಕಳೆದು ಸುಮನಾ ಬಂದಾಗ ಜ್ವರ ಬಿಟ್ಟಿತ್ತು. ನಿಂಗಪ್ಪ ಗೋಡೆಗೊರಗಿ ಗಂಜಿ ಕುಡಿಯುತ್ತಿದ್ದ. "ಇವಳಿಗೆ ಇನ್ನೊಂದ್ಸಲ ಹೇಳಿ ಡಾಕ್ಟ್ರಮ್ಮ, ಅದು ಬೀಡಿ ಗಾಯ ಅಲ್ಲ ಅಂತ."

"ಖಂಡಿತಾ ಅಲ್ಲ," ಎಂದಳು ಸುಮನಾ.

ಒಗೆಯಲೆಂದು ತೆಗೆದಿಟ್ಟಿದ್ದ ಅವನ ಅಂಗಿಯ ಜೇಬಿಗೆ ಜಲಜಮ್ಮ ಕೈ ಹಾಕಿದಳು. "ಗಾಯ ಹುಳದ್ದೇ ಇರ್ಲಿ. ಈ ಬೆಂಕಿಪೊಟ್ಟಣ ಯಾವ ಹುಳದ್ದು, ಕೇಳಿ."

ನಿಂಗಪ್ಪ ಲೋಟ ಕೆಳಗಿಟ್ಟು ಮೆಲ್ಲಗೆ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ. ಒಳಗಿನಿಂದ ಸಣ್ಣ ದನಿ ಬಂತು:

"ಡಾಕ್ಟ್ರಮ್ಮ, ಜ್ವರ ತಿರುಗಿ ಬಂದಂಗಿದೆ."