ರಿಯೋದಿಂದ ಪಣಂಬೂರಿಗೆ

ಮುಂದಿನ ಸಾಲಿನಲ್ಲಿ ಕೂತ ಬ್ರೆಜಿಲ್ ಹೆಂಗಸಿನ ತುಟಿ ಅಲ್ಲಾಡುತ್ತಿತ್ತು. ವೇದಿಕೆಯ ಮೇಲೆ ಮಾತು ಹೊರಡುವ ಮೊದಲೇ ಅವಳ ಬಾಯಲ್ಲಿ ಅದು ಮುಗಿದಿರುತ್ತಿತ್ತು. ಕನ್ನಡದ ಗಂಧವೇ ಇಲ್ಲದವಳು! ಪರದೆಯ ಸಂದಿನಿಂದ ಇಣುಕುತ್ತಿದ್ದ ನಾಟಕಕಾರ ಜಯತೀರ್ಥರ ಎದೆ ಧಸಕ್ಕೆಂದಿತು.

ಕಾರಣವಿತ್ತು. ನಾಟಕ ಅವರದಲ್ಲ. ಬ್ರೆಜಿಲಿನಲ್ಲಿ ಗಂಡಹೆಂಡಿರ ಜಗಳದ ಒಂದು ಪ್ರೇಮಹಾಸ್ಯ ಸಿನಿಮಾ ಗೆದ್ದಿತ್ತು. ಎರಡನೇ ಭಾಗವೂ ಬಂತು, ಆಮೇಲೆ ಟಿವಿ ಧಾರಾವಾಹಿಯೂ ಆಯಿತು. ಜಯತೀರ್ಥರು ನ್ಯೂಅರ್ಕಿನ ಬ್ರೆಜಿಲ್ ಅಂಗಡಿಯಿಂದ ಡಿವಿಡಿ ತಂದು, ಸಬ್‌ಟೈಟಲ್ ಓದಿ, ವರ್ಷಕ್ಕೊಂದರಂತೆ ಮೂರನ್ನೂ ಕನ್ನಡಕ್ಕೆ ಇಳಿಸಿದ್ದರು. ರಿಯೋ ಕಡಲತೀರ ಪಣಂಬೂರಾಯಿತು, ಕಾರ್ನಿವಲ್ಲು ಹುಲಿವೇಷವಾಯಿತು, ಕಥೆಗಾರನ ಜಾಗದಲ್ಲಿ ಅವರ ಹೆಸರು ಬಂತು. ನ್ಯೂಜೆರ್ಸಿಯ ಕನ್ನಡಿಗರಿಗೆಲ್ಲಿ ಪೋರ್ಚುಗೀಸ್ ಬರಬೇಕು ಎಂಬ ಧೈರ್ಯ. ತಮ್ಮ ನಟ ಹರಿ ಬ್ರೆಜಿಲ್ ಹುಡುಗಿಯನ್ನೇ ಕಟ್ಟಿಕೊಂಡು ಮುಂದಿನ ಸಾಲಿನಲ್ಲಿ ತಂದು ಕೂರಿಸುತ್ತಾನೆಂದು ಯಾರಿಗೆ ಗೊತ್ತಿತ್ತು?

ಆ ಹರಿಯೇ ಇವತ್ತಿನ ನಾಯಕ. ಪ್ರತಿವರ್ಷ ಮಾತು ಮರೆತು ಬೆಬ್ಬೆಬ್ಬೆ ಎನ್ನುವವನು ಇಂದು ಹೆಂಡತಿಯನ್ನೇ ನೋಡುತ್ತ ಪಟಪಟನೆ ಒಪ್ಪಿಸುತ್ತಿದ್ದ. ಅದನ್ನು ಮೆಚ್ಚುವ ಸ್ಥಿತಿಯಲ್ಲಿ ಜಯತೀರ್ಥರಿರಲಿಲ್ಲ.

ನಾಟಕ ಮುಗಿದೊಡನೆ ಅವರಿಗೆ 'ನಾಟಕರತ್ನ' ಬಿರುದು ಕೊಡುವುದಿತ್ತು. ಮ್ಯಾನ್‌ಹಟನ್ನಿನ ಬ್ಯಾಂಕು ಮುಳುಗಿ ಕೆಲಸ ಹೋದಮೇಲೆ, ತಮ್ಮೂರು ಮಾರಿಸ್‌ಟೌನಿನಲ್ಲಿ ತಲೆಯೆತ್ತಿ ಓಡಾಡಲು ಅವರಿಗೆ ಉಳಿದದ್ದು ಈ ಹೆಸರೊಂದೇ.

ಪರದೆ ಬಿತ್ತು. ಕನ್ನಡ ಸಂಘದ ಅಧ್ಯಕ್ಷ ಶಾಂತಾರಾಮರು ಶಾಲು ಬಿಡಿಸಿದರು. ಅಷ್ಟರಲ್ಲಿ ಆ ಹೆಂಗಸು ಎದ್ದು ನೇರ ವೇದಿಕೆಗೇ ಬಂದಳು.

ಅವಳು ಕಳ್ಳ ಅನ್ನುವ ಮೊದಲು ತಾನೇ ಒಪ್ಪಿಕೊಂಡರೆ ದೊಡ್ಡತನವಾದರೂ ಉಳಿದೀತು. ಜಯತೀರ್ಥರು ಮೈಕು ಕಸಿದುಕೊಂಡರು.

"ಶಾಲು ಬೇಡ ಸಾರ್. ಮೂರು ವರ್ಷದ ಮೂರು ನಾಟಕಾನೂ ನಂದಲ್ಲ. ಬ್ರೆಜಿಲ್ ಸಿನಿಮಾದಿಂದ, ಸೀರಿಯಲ್‌ನಿಂದ ಕಾಪಿ ಮಾಡಿದ್ದು. ಈಯಮ್ಮನಿಗೆ ಎಲ್ಲಾ ಗೊತ್ತಿದೆ, ಬೇಕಾದ್ರೆ ಕೇಳಿ."

ಶಾಂತಾರಾಮರು ಶಾಲನ್ನು ಮೆಲ್ಲಗೆ ಮತ್ತೆ ಮಡಿಸಿದರು. ಹರಿ ಹೆಂಡತಿಯ ಕಿವಿಯಲ್ಲಿ ವಿಷಯ ಹೇಳಿದ. ಅವಳು ಕಣ್ಣರಳಿಸಿ, ಮುಜುಗರದಿಂದ ಇಂಗ್ಲಿಷಿನಲ್ಲಿ ಹೇಳಿದಳು:

"ಅಂಕಲ್, ಅವು ಯಾವುದನ್ನೂ ನಾನು ನೋಡೇ ಇಲ್ಲ. ಹರಿ ಮಾತು ಮರೀತಾನಲ್ಲ, ಎದುರಿಗೆ ಕೂತು ಹೇಳಿಕೊಡೋಣ ಅಂತ ನಿಮ್ಮ ನಾಟಕಾನ ಇಂಗ್ಲಿಷ್ ಅಕ್ಷರದಲ್ಲಿ ಬರೆಸ್ಕೊಂಡು ಬಾಯಿಪಾಠ ಮಾಡ್ಕೊಂಡು ಬಂದಿದ್ದೆ."